ಯಾವುದನ್ನು ಯುದ್ಧ ಎನ್ನಬೇಕು? ಬ್ರಿಟಿಷ್ ವಿಜ್ಞಾನಿ ಲೂಯಿಸ್ ಫ್ರೈ ರಿಚರ್ಡ್‌ಸನ್ ಇದನ್ನು ಹೇಗೆ ನಿರ್ಧರಿಸಿದರು?

ಯುದ್ಧವೋ, ದಂಗೆಯೋ, ಬಂಡಾಯವೋ ಎಂಬ ವಾದಕ್ಕೇ ರಿಚರ್ಡ್‌ಸನ್ ಇಳಿಯಲಿಲ್ಲ. ಮನುಷ್ಯರು ಬೇಕೆಂದೇ ಮನುಷ್ಯರನ್ನು ಕೊಂದ ಘಟನೆಗಳನ್ನೆಲ್ಲ ‘ಮಾರಕ ಕಲಹ’ ಎಂಬ ಒಂದೇ ಪಟ್ಟಿಗೆ ಸೇರಿಸಿ, ಸತ್ತವರ ಸಂಖ್ಯೆಯ ಲಾಗರಿದಮ್‌ನಿಂದ, ಅಂದರೆ ಆ ಸಂಖ್ಯೆ ಹತ್ತರ ಎಷ್ಟನೇ ಘಾತ ಎಂಬುದರಿಂದ, ಅಳೆದರು. ಒಂದು ಕೊಲೆಯ ಪ್ರಮಾಣ 0, ಸಾವಿರ ಸಾವಾದರೆ 3, ಒಂದು ಕೋಟಿಯಾದರೆ 7. 1820ರಿಂದೀಚಿನ ಕಲಹಗಳನ್ನು ಹೀಗೆ ಜೋಡಿಸಿದಾಗ, ಹೆಚ್ಚಿನ ಸಾವುಗಳು ಎರಡು ತುದಿಗಳಲ್ಲೇ ಕಂಡವು: ಒಂದೆಡೆ ಬಿಡಿ ಕೊಲೆಗಳು, ಇನ್ನೊಂದೆಡೆ ಎರಡು ಮಹಾಯುದ್ಧಗಳು. ನನಗೆ ಈ ಕ್ರಮ ಬಹಳ ಪ್ರಾಮಾಣಿಕವೆನಿಸುತ್ತದೆ. ‘ಕಾರ್ಯಾಚರಣೆ’ ಎಂದು ಹೆಸರು ಬದಲಿಸಿ ಯಾವ ಸರ್ಕಾರವೂ ಹೆಣಗಳ ಲೆಕ್ಕದಿಂದ ನುಣುಚಿಕೊಳ್ಳಲಾಗದು.

ರಿಚರ್ಡ್‌ಸನ್ 1881ರಲ್ಲಿ ಇಂಗ್ಲೆಂಡಿನ ನ್ಯೂಕ್ಯಾಸಲ್‌ನಲ್ಲಿ, ಯುದ್ಧವನ್ನು ವಿರೋಧಿಸುವ ಕ್ವೇಕರ್ ಎಂಬ ಕ್ರೈಸ್ತ ಪಂಥದ ಕುಟುಂಬದಲ್ಲಿ ಹುಟ್ಟಿದವರು. ಮೊದಲ ಮಹಾಯುದ್ಧದಲ್ಲಿ ಬಂದೂಕು ಹಿಡಿಯಲು ಒಪ್ಪದೆ, ಫ್ರಾನ್ಸಿನಲ್ಲಿ ಆಂಬುಲೆನ್ಸ್ ಓಡಿಸಿದರು. ಗಾಯಾಳುಗಳನ್ನು ಸಾಗಿಸುವ ನಡುವೆ ಬಿಡುವು ಸಿಕ್ಕಾಗ, ಗಣಿತದಿಂದ ಹವಾಮಾನ ಮುನ್ಸೂಚನೆ ನೀಡುವ ಲೆಕ್ಕಗಳನ್ನು ಕೈಯಲ್ಲೇ ಮಾಡುತ್ತಿದ್ದರು. 1920ರಲ್ಲಿ ತಾವು ಕೆಲಸ ಮಾಡುತ್ತಿದ್ದ ಹವಾಮಾನ ಇಲಾಖೆ ವಾಯುಪಡೆಯ ಸಚಿವಾಲಯದ ಅಧೀನಕ್ಕೆ ಹೋದಾಗ ಕೆಲಸಕ್ಕೆ ರಾಜೀನಾಮೆ ಕೊಟ್ಟರು. ಕಲಹಗಳ ಅಂಕಿಅಂಶದ ಗ್ರಂಥ ಅಚ್ಚಾಗಿದ್ದು 1960ರಲ್ಲಿ, ಅವರು ತೀರಿಕೊಂಡು ಏಳು ವರ್ಷವಾದ ಮೇಲೆ.

ಮುಂದೆ ಅಮೆರಿಕದ ಮಿಚಿಗನ್‌ನಲ್ಲಿ ರಾಜಕೀಯ ವಿಜ್ಞಾನಿ ಡೇವಿಡ್ ಸಿಂಗರ್ ಅವರ ತಂಡ, ಕಾಳಗದಲ್ಲಿ ಕನಿಷ್ಠ 1,000 ಸಾವಾದರೆ ಯುದ್ಧ ಎಂಬ ಗೆರೆ ಎಳೆಯಿತು.