ಯುವನಿಧಿ ತಗೊಳ್ಳೋರ ಕಡೆಯಿಂದ ಸರ್ಕಾರ ಕೆಲಸ ಮಾಡಿಸ್ಕೋಬೇಕಾ?

ನಿಮ್ಮ ಪ್ರಶ್ನೆ ಇಷ್ಟ ಅಲ್ರೀ: ಡಿಗ್ರಿ ಮುಗಿಸಿ ಮನ್ಯಾಗ ಕುಂತೋರ ಖಾತೆಗೆ ಸರ್ಕಾರ ಯುವನಿಧಿ ಅಂತ ತಿಂಗಳಿಗೆ 3,000 ಸುಮ್ನೆ ಹಾಕ್ತೈತಿ, ಅದಕ್ಕ ಬದಲಿ ಅವರ ಕಡೆಯಿಂದ ತಿಂಗಳಪೂರ್ತಿ ಊರ ಕೆಲಸ, ಆಫೀಸ್ ಕೆಲಸ ಏನಾರ ಮಾಡಿಸ್ಕೋಬಾರದ್ಯಾಕ, ಫಾರಿನ್‌ನಾಗ ಹಂಗ ಮಾಡ್ತಾರಲ್ಲ ಅಂತ. ಮಾಡಿಸ್ಕೋರಿ, ನಾ ಏನ್ ಬ್ಯಾಡ ಅನ್ನಂಗಿಲ್ಲ. ಆದ್ರ ಕೂಲಿ ಕೊಟ್ಟು ಮಾಡಿಸ್ಕೋರಿ. ಭತ್ಯೆ ಅಂತ ಹೆಸರಿಟ್ಟು ದುಡಸೋದು ಅಂದ್ರ ಕಡಿಮಿ ರೇಟಿಗೆ ಆಳು ಹಿಡಿಯೋದು, ಬ್ಯಾರೆ ಏನಿಲ್ಲ.

ನಂದು ಕುಷ್ಟಗಿ ತಾಲೂಕಿನಾಗ ಒಂದು ಆನ್‌ಲೈನ್ ಸೆಂಟರ್ ಐತಿ. ಯುವನಿಧಿ ಹುಡುಗ್ರೂ ಅಲ್ಲೇ ಬರ್ತಾರ, ಉದ್ಯೋಗ ಖಾತ್ರಿ (ನರೇಗಾ) ಪಗಾರ ಜಮಾ ಆಗೈತೇನ್ ನೋಡಪಾ ಅಂತ ಆಧಾರ್ ಹಿಡ್ಕೊಂಡು ಬರೋ ಅವ್ವಗಳೂ ಅಲ್ಲೇ ಬರ್ತಾರ, ಹಿಂಗಾಗಿ ಎರಡೂ ಕಡೆ ನೋಡೀನಿ.

ಮೊದ್ಲು ಲೆಕ್ಕ ಹಾಕೋಣ. ಕರ್ನಾಟಕದಾಗ 2025-26ಕ್ಕ ನರೇಗಾ ಕೂಲಿ ದಿನಕ್ಕ 370 ರೂಪಾಯಿ ಇತ್ತು. 3,000 ಅಂದ್ರ ಎಂಟು ದಿನದ ಕೂಲಿ ಆತು. ಡಿಪ್ಲೊಮಾದವರಿಗೆ ಬರೋದು 1,500, ಅದು ನಾಕು ದಿನದ್ದು. ನೀವು ಹೇಳಿದಂಗ ತಿಂಗಳಪೂರ್ತಿ 26 ದಿನ ದುಡಿಸಿದ್ರ ಡಿಗ್ರಿಯವರಿಗೆ ದಿನಕ್ಕ 115 ರೂಪಾಯಿ ಬಿತ್ತು. 115 ರೂಪಾಯಿಗೆ ಹತ್ತಿ ಬಿಡಸಾಕ ಬರ್ರಿ ಅಂತ ನಮ್ಮೂರಾಗ ಯಾರನ್ನಾರ ಕರದು ನೋಡ್ರಿ, ಬೈಸ್ಕೊಂಡು ವಾಪಸ್ ಬರ್ತೀರಿ.

ಇದು ಬರೇ ನನ್ನ ಅಭಿಪ್ರಾಯ ಅಲ್ಲ. 1983ರಾಗ ಸುಪ್ರೀಂ ಕೋರ್ಟ್ ರಾಜಸ್ಥಾನದ ಒಂದು ಕೇಸಿನ ತೀರ್ಪು ಕೊಟ್ಟಿತ್ತು, ಸಂಜಿತ್ ರಾಯ್ ಕೇಸ್ ಅಂತ. ಬರ ಪರಿಹಾರ ಕಾಮಗಾರಿನಾಗ ದುಡದೋರಿಗೆ ಕನಿಷ್ಠ ಕೂಲಿನೂ ಸಿಕ್ಕಿರಲಿಲ್ಲ. ಇದು ಪರಿಹಾರ, ಕಾರ್ಮಿಕ ಕಾನೂನು ಇದಕ್ಕ ಹತ್ತಂಗಿಲ್ಲ ಅಂತ ಆ ಸರ್ಕಾರದ ವಾದ, ಅದಕ್ಕಂತನ 1964ರಾಗ ಒಂದು ವಿನಾಯಿತಿ ಕಾಯ್ದೆನೂ ಮಾಡ್ಕೊಂಡಿದ್ರು. ಕೋರ್ಟ್ ಒಪ್ಪಲಿಲ್ಲ. ಕನಿಷ್ಠ ಕೂಲಿಗಿಂತ ಕಡಿಮಿ ಕೊಟ್ಟು ದುಡಿಸ್ಕೊಂಡ್ರ ಅದು ಸಂವಿಧಾನದ 23ನೇ ವಿಧಿ ಬ್ಯಾಡ ಅನ್ನೋ ಬಲವಂತದ ದುಡಿಮೆ, ಬರ ಇದ್ರೂ ಅಷ್ಟ, ಇರದಿದ್ರೂ ಅಷ್ಟ ಅಂತು. ಹಂಗಾಗಿ 3,000 ಕೊಟ್ಟು ತಿಂಗಳಪೂರ್ತಿ ದುಡಸೋದನ್ನ ಮಾತಿನಾಗ ಹೇಳೋದು ಸುಲಭ, ಕೋರ್ಟಿನಾಗ ನಿಲ್ಲೋದು ಕಷ್ಟ.

ಮತ್ತ ಇದನ್ನ ನಮ್ಮ ಭಾಗದಾಗ ಒಮ್ಮೆ ಮಾಡಿ ನೋಡ್ಯಾರ. 1876-78ರ ಧಾತು ಬರ. ಬಳ್ಳಾರಿ ಆಗ ಮದ್ರಾಸ್ ಪ್ರಾಂತ್ಯಕ್ಕ ಸೇರಿತ್ತು, ಬರದ ಹೊಡ್ತ ಜೋರು ಬಿದ್ದ ಜಿಲ್ಲಾದಾಗ ಅದೂ ಒಂದು. 1877ರ ಶುರುವಿಗೆ ಬ್ರಿಟಿಷ್ ಸರ್ಕಾರ ಕಳಿಸಿದ ರಿಚರ್ಡ್ ಟೆಂಪಲ್ ಅನ್ನೋ ಸಾಹೇಬ ಬಂದು ಖರ್ಚು ಜಾಸ್ತಿ ಆಗಾಕತ್ತೈತಿ ಅಂತ ಪರಿಹಾರ ಕೆಲಸದ ಕೂಲಿನ ದಿನಕ್ಕ ಒಂದು ಪೌಂಡ್ ಕಾಳಿನ ಲೆಕ್ಕಕ್ಕ ಇಳಿಸಿದ, ಅಂದ್ರ ಅರ್ಧ ಕೇಜಿಗೂ ಕಡಿಮಿ, ಮ್ಯಾಲೊಂದಿಷ್ಟು ಚಿಲ್ಲರ. ಅದೂ ಮನಿ ಹತ್ರ ಸಿಗಂಗಿಲ್ಲ, ಗಟ್ಟಿ ಇದ್ದೋರು ಹತ್ತು ಮೈಲಿ ಆಚಿನ ಕ್ಯಾಂಪಿಗೆ ಹೋಗಬೇಕು, ನಿಜವಾಗ್ಲೂ ಹಸದೋರು ಅಷ್ಟ ಬರ್ತಾರ, ಸೋಮಾರಿಗಳು ಬರಂಗಿಲ್ಲ ಅಂತ ಲೆಕ್ಕ. ಕಲ್ಲು ಒಡಿಯೋ ಮನಷಾಗ ಅಷ್ಟು ಕಾಳು ಸಾಲಂಗಿಲ್ಲ ಅಂತ ಮದ್ರಾಸಿನ ಆರೋಗ್ಯ ಕಮಿಷನರ್ ಡಾ. ಕಾರ್ನಿಷ್ ಜಗಳ ತೆಗೆದ ಮ್ಯಾಲ ಆ ವರ್ಷನ ಕೂಲಿ ಏರಿಸಬೇಕಾತು, ಆದ್ರ ಅಷ್ಟೊತ್ತಿಗೆ ಎಷ್ಟೋ ಜೀವ ಹೋಗಿತ್ತು. ಈಗಿನ ಯುವನಿಧಿಗೂ ಆ ಬರಕ್ಕೂ ಏನ್ ಸಂಬಂಧ ಅಂತೀರಿ, ಸರಿ, ಹಸಿವಿನ ವಿಷಯದಾಗ ಇಲ್ಲ. ಆದ್ರ "ಕಷ್ಟ ಕೊಟ್ಟು ನೋಡೋಣ, ಯಾರು ಉಳಿತಾರೋ ಅವರಿಗೆ ಕೊಡೋಣ" ಅನ್ನೋ ಬುದ್ಧಿ ಅದೇ.

ಇನ್ನ "ಸುಮ್ನೆ ಕೊಡ್ತಾರ" ಅಂತ ಬರದೀರಲ್ಲ, ಸುಮ್ನೆ ಏನ್ ಕೊಡಂಗಿಲ್ರೀ. ಪಾಸಾಗಿ ಆರು ತಿಂಗಳಾದ್ರೂ ಕೆಲಸ ಸಿಕ್ಕಿರಬಾರದು, ಮುಂದ ಓದಾಕ ಹೋಗಿರಬಾರದು, ಹೆಚ್ಚಂದ್ರ ಎರಡು ವರ್ಷ, ನಡುವ ಕೆಲಸ ಸಿಕ್ರ ಬಂದ್. ನಾನಿನ್ನೂ ನಿರುದ್ಯೋಗಿ ಅಂತ ಸ್ವಯಂ ಘೋಷಣೆ ಕೊಡ್ತಾ ಇರಬೇಕು, ಮರ್ತ್ರ ದುಡ್ಡು ನಿಲ್ತೈತಿ. ಹೋದ ಸಲ ಒಬ್ಬ ಹುಡುಗಿ ಬಂದಿದ್ಲು, ಬಿಎಸ್ಸಿ ಮುಗಿಸ್ಯಾಳ, ದುಡ್ಡು ಜಮಾ ಆದ ಮೆಸೇಜ್ ತೋರಿಸಿ ನಿಂತಲ್ಲೇ ಅದರಾಗ ಎರಡು ಪರೀಕ್ಷೆ ಅರ್ಜಿ ಫೀ ಕಟ್ಟಿಸಿದ್ಲು, ಉಳದದ್ದು ಧಾರವಾಡದ ರೂಮ್ ಬಾಡಿಗಿಗೆ ಅಂದ್ಲು. (ಬಸ್ ಹೆಂಗೂ ಫ್ರೀ, ಶಕ್ತಿ ಐತಲ್ಲ.) ಈಕಿನ ದಿನಾ ಬೆಳಿಗ್ಗೆಯಿಂದ ಸಂಜಿತನ ಯಾವುದೋ ಆಫೀಸಿನಾಗ ಫೈಲ್ ಜೋಡಸಾಕ ಕುಂದ್ರಿಸಿದ್ರ ಈಕಿ ಓದೋದು ಯಾವಾಗ, ಇಂಟರ್‌ವ್ಯೂಗೆ ಹೋಗೋದು ಯಾವಾಗ? ಕೆಲಸ ಹುಡುಕೋದೂ ಒಂದು ಕೆಲಸನ, ಅದಕ್ಕ ಟೈಮ್ ಬೇಕು.

ಫಾರಿನ್ ಮಾತಿಗೆ ಬಂದ್ರ, ಇಂಗ್ಲೆಂಡಿನಾಗ 2011ರ ಸುಮಾರಿಗೆ ಜಿಯಾಲಜಿ ಓದಿ ನಿರುದ್ಯೋಗ ಭತ್ಯೆ ತಗೋತಿದ್ದ ಒಬ್ಬ ಹುಡುಗಿ ಮ್ಯೂಸಿಯಂನಾಗ ತನ್ನ ಇಷ್ಟದ ಕೆಲಸ ಕಲ್ಯಾಕತ್ತಿದ್ಲು, ಅದನ್ನ ಬಿಡಿಸಿ ಅಗ್ಗದ ಸಾಮಾನಿನ ಅಂಗಡಿಗೆ ಕಳಿಸಿ ಪುಕ್ಕಟೆ ಕೆಲಸ ಮಾಡಿಸಿದ್ರು. ಆಕಿ ಕೋರ್ಟಿಗೆ ಹೋದ್ಲು. 2013ರಾಗ ಅಲ್ಲಿನ ಸುಪ್ರೀಂ ಕೋರ್ಟ್ ಇದನ್ನ ಬಲವಂತದ ದುಡಿಮೆ ಅನ್ನಲಿಲ್ಲ, ಆದ್ರ ಆ ಸ್ಕೀಮಿನ ನಿಯಮಗಳು ಕಾನೂನಿಗೆ ತಕ್ಕಂಗ ಇಲ್ಲ ಅಂತ ತೀರ್ಪು ಕೊಡ್ತು. ಅಮೆರಿಕದ ಅರ್ಕಾನ್ಸಾದಾಗ 2018ಕ್ಕ ಬಡವರ ಆರೋಗ್ಯ ವಿಮೆಗೆ ಕೆಲಸದ ಷರತ್ತು ಹಾಕಿದ್ರು, ಕೆಲವೇ ತಿಂಗಳಿನಾಗ ಸುಮಾರು 18,000 ಮಂದಿ ವಿಮೆ ಕಳ್ಕೊಂಡ್ರು, ಕೆಲಸ ಮಾಡೋರ ಸಂಖ್ಯೆ ಏನ್ ಏರಲಿಲ್ಲ. ಆನ್‌ಲೈನ್‌ನಾಗ ಮಾಹಿತಿ ತುಂಬೋದೇ ದೊಡ್ಡ ತಲಿಬ್ಯಾನಿ ಆಗಿತ್ತಂತ. ನನಗ ಇದೇನ್ ಆಶ್ಚರ್ಯ ಅನ್ಸಲಿಲ್ಲ, ಒಟಿಪಿ ಬರದ ಅಳ್ತಾ ಕುಂತೋರನ್ನ ನಾ ದಿನಾ ನೋಡ್ತೀನಿ.

ನಮ್ಮ ಮಂದಿಗೆ ಕೆಲಸ ಬ್ಯಾಡ ಆಗೈತಿ ಅನ್ನೋರು ಒಮ್ಮೆ ಬ್ಯಾಸಿಗ್ಯಾಗ ಖಾತ್ರಿ ಕೆಲಸದ ಜಾಗಕ್ಕ ಬರ್ರಿ. ಬಿಸ್ಲು ಏರೋದ್ರಾಗ ಅಗದು ಮುಗಿಸ್ಬೇಕು ಅಂತ ನಸುಕಿನಾಗ ಬುತ್ತಿ ಕಟ್ಕೊಂಡು ಹೋಗಿರ್ತಾರ, ಗಂಡ ಗುದ್ದಲಿ ಹಿಡಿದ್ರ ಹೆಂಡತಿ ಪುಟ್ಟಿ ಹೊರ್ತಾಳ, ಹಾಜರಿ ಹಾಕೋ ಕಾಯಕ ಬಂಧು ಮೊಬೈಲಿನಾಗ ಎರಡು ಸಲ ಫೋಟೊ ಹೊಡಿಬೇಕು, ನೆಟ್‌ವರ್ಕ್ ಸಿಗಲಿಲ್ಲಂದ್ರ ಆತ ದಿಬ್ಬ ಹತ್ತಿ ಫೋನ್ ಎತ್ತಿ ಹಿಡ್ಕೊಂಡು ನಿಂತಿರ್ತಾನ, ಫೋಟೊ ಅಪ್‌ಲೋಡ್ ಆಗಲಿಲ್ಲಂದ್ರ ಅಗದ ಮಣ್ಣು ಕಣ್ಣ ಮುಂದ ಇದ್ರೂ ಹಾಜರಿ ಇಲ್ಲ. ಇಷ್ಟಾದ್ರೂ ಬರ್ತಾರ. ಬರದೋರು ಬೆಂಗಳೂರು, ಪುಣೆ ಅಂತ ಗುಳೆ ಹೋಗಿರ್ತಾರ, ಅವರೂ ದುಡಿಯಾಕೇ ಹೋಗಿರೋದು. ಕೆಲಸ ಕೇಳಿದ್ರೂ ಸಿಗದೇ ಇರೋದು ನಮ್ಮ ಗೋಳು. 2005ರ ಕಾಯ್ದೆ ಪ್ರಕಾರ ಕೆಲಸ ಕೇಳಿ 15 ದಿನದಾಗ ಕೊಡಲಿಲ್ಲಂದ್ರ ನಿರುದ್ಯೋಗ ಭತ್ಯೆ ಕೊಡಬೇಕು, ಮೊದಲ 30 ದಿನ ಕೂಲಿಯ ಕಾಲು ಭಾಗಕ್ಕ ಕಡಿಮಿ ಇಲ್ಲದಂಗ, ಆಮ್ಯಾಲ ಅರ್ಧಕ್ಕ ಕಡಿಮಿ ಇಲ್ಲದಂಗ. (2025ರ ಡಿಸೆಂಬರ್‌ನಾಗ ಅದರ ಬದಲಿಗೆ 125 ದಿನದ ಹೊಸ ಕಾಯ್ದೆ ಪಾಸ್ ಮಾಡ್ಯಾರ, ಅದರ ಕಥಿ ಬ್ಯಾರೆ.) ಆದ್ರ ನನ್ನ ಸೆಂಟರಿಗೆ ಬಂದೋರಾಗ ಆ ಭತ್ಯೆ ತಗೊಂಡೀನಿ ಅಂದೋರನ್ನ ನಾ ಒಬ್ಬರನ್ನೂ ಕಂಡಿಲ್ಲ. ಯಾಕಂದ್ರ ಕೆಲಸ ಕೇಳೋ ಅರ್ಜಿ, ಫಾರಂ 6, ಕೊಟ್ರ ತಾರೀಖು ಹಾಕಿದ ರಸೀದಿ ಕೊಡಂಗಿಲ್ಲ, "ಇಟ್ಟು ಹೋಗ್ರಿ" ಅಂತಾರ, ರಸೀದಿ ಇಲ್ಲಂದ್ರ 15 ದಿನ ಎಣಿಸೋದು ಎಲ್ಲಿಂದ?

ನನ್ನ ಕೇಳಿದ್ರ, ಯುವನಿಧಿಯವರು ಯಾರಾದ್ರೂ ಇಷ್ಟಪಟ್ಟು ಬಂದ್ರ ಪಂಚಾಯ್ತಿ ಅರಿವು ಕೇಂದ್ರದಾಗ (ಊರ ಗ್ರಂಥಾಲಯದಾಗ) ಮಕ್ಕಳಿಗೆ ಓದಿಸಾಕ, ಕಂಪ್ಯೂಟರ್ ಕಲಿಸಾಕ ಹಚ್ಚಲಿ, ದಿನಕ್ಕ 370ರ ಲೆಕ್ಕದಾಗ ಬ್ಯಾರೆ ದುಡ್ಡು ಕೊಡಲಿ, ಬಂದೇ ಬರ್ತಾರ. ಬರದಿದ್ದೋರ 3,000ಕ್ಕ ಕೈ ಹಚ್ಚೋದು ಬ್ಯಾಡ. ನಿಮ್ಮ ಮನ್ಯಾಗ ಯಾರಾದ್ರೂ ಜಾಬ್ ಕಾರ್ಡ್ ಇದ್ದು ಕೆಲಸ ಕೇಳೋರಿದ್ರ ಅರ್ಜಿದು ಎರಡು ಕಾಪಿ ಒಯ್ರಿ, ಒಂದರ ಮ್ಯಾಲ ಸೀಲು, ತಾರೀಖು ಬೀಳೋತನ ಅಲ್ಲಿಂದ ಕದಲಬ್ಯಾಡ್ರಿ.