ದೇವನಿಂದನೆಗೆ ಎಲ್ಲ ಧರ್ಮದವರೂ ಒಪ್ಪುವ ಒಂದು ಅಳತೆ ಇದೆಯೇ?

ಯಾವುದು ದೇವನಿಂದನೆ, ಯಾವುದಲ್ಲ ಎಂದು ಎಲ್ಲ ಧರ್ಮದವರೂ ಒಪ್ಪುವ ಹಾಗೆ ಹೇಳಬಹುದೇ ಎಂದು ಕೇಳಿದ್ದೀರಿ. ಆಡಿದ ಮಾತನ್ನೇ ಹಿಡಿದು ಹೊರಟರೆ ಆಗುವುದಿಲ್ಲ. ಒಬ್ಬರ ನಂಬಿಕೆಯ ಬುಡವೇ ಇನ್ನೊಬ್ಬರಿಗೆ ನಿಂದನೆ. ಯೇಸು ದೇವರ ಮಗ ಅನ್ನುವುದು ಕ್ರೈಸ್ತರಿಗೆ ಪ್ರಾರ್ಥನೆ. ದೇವರಿಗೆ ಮಗನಿದ್ದಾನೆ ಅನ್ನುವುದೇ ಇಸ್ಲಾಮಿನಲ್ಲಿ ದೊಡ್ಡ ತಪ್ಪು. ಇಲ್ಲಿ ಯಾರೂ ಯಾರನ್ನೂ ಬೈದಿಲ್ಲ, ನೋಡಿ.

ನಾನು ವಿಜಯಪುರ ಜಿಲ್ಲೆಯವನು. ನಮ್ಮ ಕಡೆ ಮೊಹರಂಗೆ ಬನ್ನಿ, ಇದು ಕಣ್ಣಿಗೇ ಕಾಣುತ್ತದೆ. ಹಳ್ಳಿಗಳಲ್ಲಿ ಅಲಾಯಿ ದೇವರು, ಅಂದರೆ ಕೈಯಾಕಾರದ ಲೋಹದ ಪಂಜಾ, ಕೂಡಿಸುವಾಗ ಹಿಂದೂಗಳೂ ಮುಂದಿರುತ್ತಾರೆ. ಹರಕೆ ಹೊತ್ತು ಫಕೀರರಾಗುತ್ತಾರೆ, ಲಾಡಿ ಅನ್ನುವ ಹರಕೆಯ ದಾರ ಹಾಕಿಕೊಳ್ಳುತ್ತಾರೆ, ಸಕ್ಕರೆ ಓದಿಸುತ್ತಾರೆ, ಅಂದರೆ ಅದರ ಮೇಲೆ ಪ್ರಾರ್ಥನೆ ಹೇಳಿಸುತ್ತಾರೆ. ಕತ್ತಲ ರಾತ್ರಿ ಬೆಂಕಿಯ ಸುತ್ತ ಹೆಜ್ಜೆ ಹಾಕುತ್ತಾರೆ. ಈ ಪಂಜಾ ಪೂಜೆಯನ್ನು ಕಟ್ಟಾ ಮೌಲ್ವಿಯೊಬ್ಬರು ನೋಡಿದರೆ, ಲೋಹದ ಕೈಗೆ ಕೈಮುಗಿಯುವುದು ದೇವರಿಗೇ ಅಪಚಾರ ಅನ್ನಬಹುದು. ಕಟ್ಟಾ ಹಿಂದೂ ಒಬ್ಬರು, ನಮ್ಮ ದೇವರು ಸಾಲದಾಯಿತೇ ಎಂದು ರೇಗಬಹುದು. ನಡುವೆ ಸಕ್ಕರೆ ಪುಡಿಕೆ ಹಿಡಿದು ನಿಂತ ಅಜ್ಜಿಗೆ ಮಾತ್ರ ಅದು ಭಕ್ತಿ. ಯಾರು ಸರಿ ಎಂದು ಹೇಳಲು ನಾಲ್ಕನೆಯವನನ್ನು ಕರೆದರೆ ಅವನಿಗೂ ಒಂದು ನಂಬಿಕೆ ಇರುತ್ತದೆ, ಅಲ್ವಾ?

ಕಾಲ ಬದಲಾದರೂ ಅಳತೆ ತಿರುಗಿಬಿಡುತ್ತದೆ. ಇದೇ ಜಿಲ್ಲೆಯ ಬಾಗೇವಾಡಿಯ ಬಸವಣ್ಣನವರು 12ನೆಯ ಶತಮಾನದಲ್ಲಿ, ಅಡಚಣೆ ಬಂದಾಗ ಮಾರಿಬಿಡುವ ದೇವರು ಎಂಥ ದೇವರು ಎಂದು ಕೇಳಿದರು. ಆ ದೇವರನ್ನು ಜಗಲಿ ಮೇಲೆ ಇಟ್ಟುಕೊಂಡವರಿಗೆ ಹೇಗನಿಸಿರಬೇಕು! ಈಗ ಅದು ನಮಗೆ ವಚನ. ಬಸವಣ್ಣನವರ ಬಗ್ಗೆಯೇ ಯಾರಾದರೂ ಹಗುರವಾಗಿ ಮಾತಾಡಿದರೆ ಜನ ಬೀದಿಗಿಳಿಯುತ್ತಾರೆ.

ಕಾನೂನು ಈ ಗೋಜಿಗೆ ಹೋಗಿಲ್ಲ, ಅದು ಜಾಣತನ. ಭಾರತೀಯ ದಂಡ ಸಂಹಿತೆಗೆ (ಐಪಿಸಿ) 1927ರಲ್ಲಿ ಸೇರಿದ 295ಎ, ಅಂದರೆ ಈಗಿನ ಭಾರತೀಯ ನ್ಯಾಯ ಸಂಹಿತೆಯ (ಬಿಎನ್‌ಎಸ್) 299ನೇ ಕಲಂ, ದೇವರಿಗೆ ಅವಮಾನವಾಯಿತೇ ಎಂದು ಕೇಳುವುದಿಲ್ಲ. ಜನರ ಧಾರ್ಮಿಕ ಭಾವನೆ ಕೆರಳಿಸಲೆಂದು ಬೇಕಂತಲೇ, ಕೆಟ್ಟ ಉದ್ದೇಶದಿಂದ ಅವಮಾನ ಮಾಡಿದ್ದಾರೆಯೇ ಎಂದಷ್ಟೇ ಕೇಳುತ್ತದೆ. ತಿಳಿಯದೆ ಬಾಯಿ ಜಾರಿದ್ದು ಇದರಡಿ ಬರುವುದಿಲ್ಲ ಎಂದು ಸುಪ್ರೀಂ ಕೋರ್ಟ್ 1957ರಲ್ಲೇ ಹೇಳಿದೆ. ಇಂಗ್ಲೆಂಡಿನ ಹಳೆಯ ಕಾನೂನು ಕ್ರೈಸ್ತ ಧರ್ಮವನ್ನು ಮಾತ್ರ ಕಾಯುತ್ತಿತ್ತು. 2008ರಲ್ಲಿ ಅದನ್ನು ತೆಗೆದೇಬಿಟ್ಟರು.

ಪೂಜಾಸ್ಥಳ ಹಾಳು ಮಾಡುವುದಕ್ಕೆ ಬೇರೆ ಕಲಂ ಇದೆ, ಬಿಎನ್‌ಎಸ್ 298. ನನ್ನ ಪ್ರಕಾರ ಎಲ್ಲರೂ ಒಪ್ಪಬಹುದಾದದ್ದು ಇದೊಂದೇ. ಗುಡಿಯ ಮೂರ್ತಿ ಒಡೆದರೆ, ದರ್ಗಾಕ್ಕೆ ಬೆಂಕಿ ಇಟ್ಟರೆ ನಾಸ್ತಿಕನೂ ಸಾಕ್ಷಿ ಹೇಳಬಲ್ಲ. ಮಾತಿನ ವಿಷಯದಲ್ಲಿ ಹಾಗಲ್ಲ. ಆಡಿದವನ ಮನಸ್ಸಿನಲ್ಲಿ ಏನಿತ್ತು ಎಂದು ತಿಳಿಯಲು ಕೋರ್ಟಿಗೆ ವರ್ಷಗಳು ಬೇಕು. ಠಾಣೆ ಮುಂದೆ ಸೇರಿದ ಗುಂಪು ಅದನ್ನು ಸಂಜೆಯೊಳಗೆ ತೀರ್ಮಾನ ಮಾಡಿಬಿಟ್ಟಿರುತ್ತದೆ.