ಬೈಗುಳ ತೆಗೆಯಿರಿ, ಆ ಕೇಸನ್ನು ಬಿಡಿಸಿ ಬರೆಯಿರಿ

ಪ್ರಿಯ ಲೇಖಕರೇ,

ಲಂಚ ಪಡೆದ ಜನಪ್ರತಿನಿಧಿಗಳಿಗೆ ಸಿಕ್ಕಿದ್ದ ರಕ್ಷಣೆಯ ಬಗ್ಗೆ ನೀವು ಬರೆದ ‘ಶಾಸಕರಿಗೊಂದು ಕಾನೂನು, ನಮಗೊಂದು ಕಾನೂನು’ ಲೇಖನ ಓದಿದೆ. ಈಗಿರುವ ಹಾಗೆ ಹಾಕಲು ಆಗುವುದಿಲ್ಲ. ಆದರೆ ಕೈಬಿಡಬೇಡಿ, ವಿಷಯ ಗಟ್ಟಿಯಾಗಿದೆ.

ಮೊದಲ ಎರಡು ಪುಟ ಬರೀ ಬೈಗುಳ. ರಾಜಕಾರಣಿಗಳನ್ನು ಬೈಯುವುದು ನಮ್ಮ ಓದುಗರಿಗೆ ನಿಮಗಿಂತ ಚೆನ್ನಾಗಿ ಬರುತ್ತದೆ. ಅವರಿಗೆ ಗೊತ್ತಿಲ್ಲದ ಸಂಗತಿ ಮೂರನೇ ಪುಟದಲ್ಲಿ ಒಂದೇ ಸಾಲಿನಲ್ಲಿ ಮುಗಿದುಹೋಗಿದೆ: ‘1998ರ ತೀರ್ಪು ಸಂಸದರನ್ನು ಕಾಪಾಡಿತು.’ ಹೇಗೆ ಕಾಪಾಡಿತು? ಕಥೆ ಇರುವುದೇ ಅಲ್ಲಿ ಅಲ್ವಾ?

1993ರ ಜುಲೈಯಲ್ಲಿ ನರಸಿಂಹ ರಾವ್ ಸರ್ಕಾರದ ಮೇಲೆ ಅವಿಶ್ವಾಸ ನಿರ್ಣಯ ಬಂತು. ಪರ 251, ವಿರುದ್ಧ 265. ಸರ್ಕಾರ ಉಳಿಯಿತು. ಜಾರ್ಖಂಡ್ ಮುಕ್ತಿ ಮೋರ್ಚಾದ ಸಂಸದರು ಲಂಚ ಪಡೆದು ಮತ ಹಾಕಿದರು ಎಂದು ಕೇಸಾಯಿತು. ಸದನದಲ್ಲಿ ಆಡಿದ ಮಾತಿಗೆ, ಹಾಕಿದ ಮತಕ್ಕೆ ಸಂಸದರನ್ನು ಕೋರ್ಟಿಗೆ ಎಳೆಯುವಂತಿಲ್ಲ ಎನ್ನುತ್ತದೆ ಸಂವಿಧಾನದ 105ನೇ ವಿಧಿ. 1998ರಲ್ಲಿ ಸುಪ್ರೀಂ ಕೋರ್ಟಿನ ಐವರು ನ್ಯಾಯಮೂರ್ತಿಗಳಲ್ಲಿ ಮೂವರು, ಆ ವಿಧಿ ಇವರನ್ನು ಕಾಯುತ್ತದೆ ಎಂದರು. ಈಗ ನೋಡಿ: ದುಡ್ಡು ಪಡೆದು ಮತ ಹಾಕಿದವರು ಪಾರು. ಅದೇ ಆರೋಪ ಹೊತ್ತು ಮತವನ್ನೇ ಹಾಕದ ಸಂಸದ ಅಜಿತ್ ಸಿಂಗ್‌ಗೆ ರಕ್ಷಣೆ ಇಲ್ಲ! ಇಲ್ಲಿಂದ ಶುರು ಮಾಡಿ.

ಇದನ್ನು ಸರಿಪಡಿಸಲು ಇಪ್ಪತ್ತೈದು ವರ್ಷಕ್ಕಿಂತ ಜಾಸ್ತಿ ಹಿಡಿಯಿತು. 2024ರ ಮಾರ್ಚ್ 4ರಂದು ಏಳು ನ್ಯಾಯಮೂರ್ತಿಗಳು ಒಮ್ಮತದಿಂದ ಹಳೆಯ ತೀರ್ಪನ್ನು ತಳ್ಳಿಹಾಕಿದರು. ಲಂಚಕ್ಕೆ ಕೈಯೊಡ್ಡಿದಾಗಲೇ ಅಪರಾಧ ಆಗಿಹೋಯಿತು, ಆಮೇಲೆ ಯಾರಿಗೆ ಮತ ಹಾಕಿದರು ಎಂಬುದು ಬೇಕಿಲ್ಲ ಎಂದರು. ಆ ಕೇಸು 2012ರ ರಾಜ್ಯಸಭಾ ಚುನಾವಣೆಯದು, ಆರೋಪ ಆಗ ಜಾರ್ಖಂಡ್ ಶಾಸಕಿಯಾಗಿದ್ದ ಸೀತಾ ಸೊರೇನ್ ಮೇಲೆ. 1993ರ ಕೇಸಿನಲ್ಲಿದ್ದ ಶಿಬು ಸೊರೇನ್ ಅವರ ಸೊಸೆ ಈಕೆ. ಇಂಥ ಎಳೆಯನ್ನು ಹೇಗೆ ಬಿಟ್ಟಿರೋ!

‘ಈ ತೀರ್ಪಿನಿಂದ ಶಾಸಕರ ರಕ್ಷಣೆ ಹೋಯಿತು’ ಎಂದು ಬರೆದಿದ್ದೀರಿ. ಅದು ತಪ್ಪು. ಸದನದಲ್ಲಿ ಆಡಿದ ಮಾತಿಗೆ, ಹಾಕಿದ ಮತಕ್ಕೆ ರಕ್ಷಣೆ ಈಗಲೂ ಇದೆ. ಇರಲೂಬೇಕು. ಮಂತ್ರಿಯ ಹಗರಣ ಎತ್ತಿದ ಮರುದಿನವೇ ಮಾನನಷ್ಟದ ಕೇಸು ಬೀಳುವಂತಿದ್ದರೆ ವಿರೋಧ ಪಕ್ಷದವರು ಬಾಯಿ ಬಿಡುತ್ತಾರಾ? ಹೋಗಿದ್ದು ಲಂಚಕ್ಕೆ ಸಿಕ್ಕಿದ್ದ ರಕ್ಷಣೆ ಮಾತ್ರ.

ನಮ್ಮ ವಿಧಾನಸಭೆಯನ್ನೂ ಮರೆತಿದ್ದೀರಿ. ಶಾಸಕರ ಬಗ್ಗೆ ಬರೆದದ್ದಕ್ಕೆ 2017ರಲ್ಲಿ ಇಬ್ಬರು ಪತ್ರಕರ್ತರಿಗೆ ಸದನ ಒಂದು ವರ್ಷ ಜೈಲು ವಿಧಿಸಿತು. ಅವರು ಹೈಕೋರ್ಟ್ ಮೆಟ್ಟಿಲೇರಿದರು. ಅದು ಹಕ್ಕುಚ್ಯುತಿಯ, ಅಂದರೆ ಸದನದ ಹಕ್ಕಿಗೆ ಧಕ್ಕೆ ತಂದ ಆರೋಪದ ಪ್ರಶ್ನೆ, ಲಂಚದ್ದಲ್ಲ. ಎರಡನ್ನೂ ಕಲಸದೆ ಬೇರೆ ಪ್ಯಾರಾ ಕೊಡಿ.

‘ಎದ್ದೇಳಿ ಮತದಾರರೇ’ ಎಂಬ ಕೊನೆಯ ಪ್ಯಾರಾ ಸುಮ್ನೆ ಸೇರಿಸಿದ್ದು ಅಂತ ಗೊತ್ತಾಗುತ್ತದೆ. ಅದನ್ನು ತೆಗೆದು, ಮುಂದಿನ ತಿಂಗಳೊಳಗೆ ಕಳಿಸಿ.

— ಸಂಪಾದಕ